ಔಷಧಿ ಕಟ್ಟಿಗೆ

ದೇವರಾಜ ಅರಸು ಬಡಾವಣೆ, ದಾವಣಗೆರೆ
9 ಜೂನ್ 2024

ಪ್ರೀತಿಯ ಶಮೀಮ್,

ಹಾಕಿದ ಎರಡು ಕಾಗದಕ್ಕೂ ಉತ್ತರವಿಲ್ಲ. ಹರಿಹರದ ಅಂಚೆ ಡಬ್ಬಿ ಹೊಳೆ ಪಾಲಾಯಿತೋ, ನೀನೇ ಸೋಮಾರಿಯಾದೆಯೋ ತಿಳಿಯದು. ಇನ್ನು ಮೇಲೆ ನಮ್ಮ ಬೀದಿಯ ನಿಂಗರಾಜುವಿನ ಕೈಗೆ ಕೊಡುತ್ತೇನೆ. ಅವನ ಟೆಂಪೋ ನಿಮ್ಮ ಅಣ್ಣನ ಕಟ್ಟಿಗೆ ಅಡ್ಡೆಯ ಮುಂದೆಯೇ ಹೋಗುತ್ತದೆ. ಬಸ್ಸು ಹತ್ತಿದರೆ ಅರ್ಧ ಗಂಟೆಗೆ ಸಿಗುವ ಊರಿಗೆ ಕಾಗದ ಬರೆಯುವ ಹುಚ್ಚಿಯರು ಎಂದು ನಮ್ಮ ಯಜಮಾನರು ನಗುತ್ತಾರೆ. ನಗಲಿ ಬಿಡು. ನಿನ್ನ ಕಿವಿ ಕೈಕೊಟ್ಟ ಮೇಲೆ ನಾನು ಫೋನಿನಲ್ಲಿ ಕಿರುಚಿದ್ದು ಇಡೀ ಬಡಾವಣೆಗೆ ಕೇಳುತ್ತದೆ, ನಿನಗೊಬ್ಬಳಿಗೆ ಬಿಟ್ಟು. ಮೊಬೈಲಿನಲ್ಲಿ ಒತ್ತಿ ಬರೆ ಅಂದರೆ ‘ಕಸ್ತೂರಿ’ ಎನ್ನುವ ಕಡೆ ‘ಕತ್ತರಿ’ ಎಂದು ಕಳಿಸುತ್ತೀಯ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತಾಗಲೂ ನಿನ್ನ ಅಕ್ಷರವೇ ನನ್ನದಕ್ಕಿಂತ ದುಂಡಗಿತ್ತು. ಕಾಗದವೇ ಬರೆ.

ಸಿಹಿ ಸುದ್ದಿ ಏನೆಂದರೆ ಅಂಬಿಕಾಗೆ ಐದನೇ ತಿಂಗಳು. ಅಳಿಯ ಅಂಜನ್ ಕುಮಾರ್ ಇಲ್ಲಿಗೇ ತಂದು ಬಿಟ್ಟಿದ್ದಾನೆ. ಹೆರಿಗೆ, ಬಾಣಂತನ ಎಲ್ಲ ನನ್ನ ಕೈಯಲ್ಲೇ. ನನ್ನ ಮಗಳು ಬಜಾರಿನ ಸೊಪ್ಪು ತಿನ್ನಬಾರದು ಎಂದು ಹಿತ್ತಲು ಅಗೆಸಿದ್ದೇನೆ. ಮೆಂತ್ಯ, ಹರಿವೆ, ಬದನೆ ಈಗ. ಬಾಣಂತಿಗೆ ಸಬ್ಬಸಿಗೆ ಆಮೇಲೆ.

ಒಂದೇ ತೊಂದರೆ, ಮಳೆ ಬಂದರೆ ಹಿತ್ತಲು ಕೆಸರು ಗದ್ದೆ, ಬಿಸಿಲು ಬಂದರೆ ಹೆಂಚು. ಗಿಡದ ಬುಡಕ್ಕೆ ಕಟ್ಟಿಗೆ ಚಕ್ಕೆ ಹರಡಿದರೆ ತೇವ ಆರುವುದಿಲ್ಲ, ಕಳೆಯೂ ಏಳುವುದಿಲ್ಲ ಎಂದು ಎಲ್ಲೋ ನೋಡಿದೆ. ಮೌಲಾ ಅಣ್ಣನಿಗೆ ಹೇಳಿ ಎರಡು ಚೀಲ ಚಕ್ಕೆ ಕಳಿಸು. ನೀನೂ ಚೀಲದ ಜೊತೆ ಬಂದರೆ ಬೇಡ ಎನ್ನುವುದಿಲ್ಲ.

ನಿನ್ನ ದಾರಿ ನೋಡುತ್ತ,
ಕಸ್ತೂರಿ


ಹರಿಹರ
23 ಜೂನ್ 2024

ಕಸ್ತೂರಿ, ಸಲಾಂ.

ಅಂಬಿಕಾಳ ಸುದ್ದಿ ಓದಿ ಕಣ್ಣು ತುಂಬಿತು. ಫ್ರಾಕು ಹಾಕಿಕೊಂಡು ನನ್ನ ಹೊಲಿಗೆ ಮೆಷಿನ್ ತುಳಿಯಲು ಬರುತ್ತಿದ್ದವಳು ಈಗ ತಾಯಿಯಾಗುತ್ತಾಳೆ. ನಿನ್ನ ಹಳೆಯ ಎರಡೂ ಕಾಗದ ತಲುಪಿದ್ದವು. ಉತ್ತರ ಬರೆಯಲು ಕೂತರೆ ‘ಯಾವಾಗ ಬರ್ತೀಯ’ ಎನ್ನುವ ನಿನ್ನ ಸಾಲಿಗೆ ಬಂದು ಪೆನ್ನು ನಿಂತುಬಿಡುತ್ತಿತ್ತು.

ಚಕ್ಕೆ ಎರಡಲ್ಲ, ನಾಲ್ಕು ಚೀಲ ಕಳಿಸಿದ್ದೇನೆ. ಅಡ್ಡೆಗೆ ಹೊಸದಾಗಿ ಒಂದು ಲಾರಿ ಕಟ್ಟಿಗೆ ಬಂದಿದೆ. ಕಸ್ತೂರಿ ಹಿತ್ತಲಿಗೆ ಚಕ್ಕೆ ಬೇಕಂತೆ, ಕೆಸರಂತೆ ಎಂದೆ. ಮೌಲಾ ಭಾಯಿ ರಾಶಿಯ ಕಡೆ ಕೈ ತೋರಿಸಿ ಏನೋ ಹೇಳಿದ. ಕಟ್ಟಿಗೆ ಕೊಯ್ಯುವ ಮೆಷಿನ್ ಓಡುತ್ತಿದ್ದರೆ ಕಿವಿ ನೆಟ್ಟಗಿರುವವರಿಗೇ ಕೇಳುವುದಿಲ್ಲ, ಇನ್ನು ನನ್ನ ಪಾಡು ಹೇಳಬೇಕೆ. ತುಟಿ ನೋಡಿ ಹಿಡಿದದ್ದು ಇಷ್ಟು: ‘ದವಾ ಕಿ ಲಕ್ಡಿ’. ಅಂದರೆ ಔಷಧಿ ಕಟ್ಟಿಗೆ. ಗೆದ್ದಲು ಮುಟ್ಟುವುದಿಲ್ಲವಂತೆ. ಬಣ್ಣ ಒಂದು ನಮೂನಿ ತಿಳಿ ಹಸಿರು, ನೋಡಲು ಚೆಂದ.

ನಾನು ಬರುವ ಮಾತು ಈಗ ಬೇಡ. ಮಳೆ ನಿಲ್ಲಲಿ.

ನಿನ್ನ
ಶಮೀಮ್


ದಾವಣಗೆರೆ
28 ಜುಲೈ 2024

ಪ್ರೀತಿಯ ಶಮೀಮ್,

ನಿನ್ನ ಚಕ್ಕೆ ಹಿತ್ತಲಿಗೆ ಬಿದ್ದ ಮೇಲೆ ನನ್ನ ಕಾಲು ನೆಲಕ್ಕೆ ತಾಗುತ್ತಿಲ್ಲ. ಕೆಸರಿಲ್ಲ, ಕಳೆಯಿಲ್ಲ, ಅಂಬಿಕಾ ಚಪ್ಪಲಿಯಿಲ್ಲದೆ ಓಡಾಡುತ್ತಾಳೆ. ಹರಿವೆ ನನ್ನ ಮೊಣಕಾಲಿನವರೆಗೆ ಬಂದಿದೆ. ಕಾಂಪೌಂಡಿನ ಮೂಲೆಯಲ್ಲಿ ಪ್ರತಿ ವರ್ಷ ಏಳುವ ಗೆದ್ದಲು ಈ ಸಲ ಮುಖ ತೋರಿಸಿಲ್ಲ.

ಔಷಧಿ ಕಟ್ಟಿಗೆ ಅಂದರೆ ಬೇವು ಎಂದು ನನಗೆ ಓದಿದ ಕೂಡಲೇ ಹೊಳೆಯಿತು. ಗೆದ್ದಲು ಇನ್ಯಾವುದಕ್ಕೆ ಹೆದರುತ್ತದೆ ಹೇಳು. ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದೆ. ಮೇಲಿನ ಮನೆಯ ಸ್ವಾತಿ ಇದ್ದಾಳಲ್ಲ, ಮಣ್ಣು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ, ಅವಳು ಒಂದು ಚಕ್ಕೆ ಎತ್ತಿಕೊಂಡು “ಬೇವು ಹಿಂಗೆ ಹಸ್ರು ಇರ್ತದಾ ಆಂಟಿ?” ಎಂದಳು. “ಮೌಲಾ ಅಣ್ಣ ಕಟ್ಟಿಗೇಲೇ ಹುಟ್ಟಿ ಬೆಳ್ದಾನೆ, ನೀ ಪುಸ್ತಕದಾಗೆ ನೋಡಿದಾಕಿ” ಎಂದು ಬಾಯಿ ಮುಚ್ಚಿಸಿದೆ. ಪಾಪ, ಒಂದು ಕಟ್ಟು ಮೆಂತ್ಯ ಕೊಟ್ಟು ಕಳಿಸಿದೆ. ಬೀದಿಯಲ್ಲಿ ಈಗ ನಾನು ಸೊಪ್ಪು ಕೊಡದ ಮನೆಯಿಲ್ಲ.

ಶ್ರಾವಣದಲ್ಲಿ ಅಂಬಿಕಾಳ ಸೀಮಂತ. ಮಳೆಯ ನೆಪ ಹೇಳಬೇಡ. ನಿನಗೆಂದು ಹಸಿರು ಸೀರೆ ತೆಗೆದಿಟ್ಟಿದ್ದೇನೆ.

ಬರಲೇಬೇಕೆಂದು ಹಟ ಹಿಡಿದ,
ಕಸ್ತೂರಿ


ಹರಿಹರ
1 ಸೆಪ್ಟೆಂಬರ್ 2024

ಕಸ್ತೂರಿ,

ಸಿಟ್ಟಾಗಿದ್ದೀಯ ಎಂದು ಗೊತ್ತು. ಸೀಮಂತದ ದಿನ ಬಸ್ ನಿಲ್ದಾಣದ ತನಕ ಬಂದಿದ್ದೆ. ದಾವಣಗೆರೆ ಬಸ್ಸು ಎದುರಿಗೇ ನಿಂತಿತ್ತು. ಹತ್ತಲಿಲ್ಲ.

ನಿನಗೆ ಮಳೆ, ಮೈ ಸರಿಯಿಲ್ಲ ಎಂದು ಹೇಳುತ್ತ ಬಂದೆ. ಈಗ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಹೋದ ವರ್ಷ ನಿಮ್ಮೂರಿನ ಎಂ.ಸಿ.ಸಿ. ಬಡಾವಣೆಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕ ಕೂತ ಹೆಂಗಸು ಏನೋ ಹೇಳಿದಳು. ಎಲ್ಲರೂ ಮದುವೆಯಲ್ಲಿ ಆಡುವ ಮಾತೇ ಇರಬೇಕೆಂದು ನಾನು ನಕ್ಕು, “ಭಾಳ ಛಲೋ ಆತು ಬಿಡ್ರಿ” ಎಂದೆ. ಆಕೆ ಎಲೆ ಬಿಟ್ಟು ಎದ್ದು ಹೋದಳು. ತಾಯಿ ತೀರಿಕೊಂಡರು ಎಂದು ಹೇಳಿದ್ದಳಂತೆ. ಅವತ್ತಿನಿಂದ ನಾಲ್ಕು ಜನ ಸೇರುವ ಕಡೆ ಹೋಗಲು ಹೆದರಿಕೆ. ಸುಮ್ಮನೆ ಹೂಂ ಹೂಂ ಎಂದು ತಲೆ ಆಡಿಸಿ ಕೂರುವುದು ನನ್ನಿಂದಾಗದು. ನಿನ್ನ ಮನೆಯಲ್ಲಿ, ನಿನ್ನ ಬೀಗರ ಮುಂದೆ ಹಾಗೇನಾದರೂ ಆದರೆ ನಾನು ಮತ್ತೆ ತಲೆಯೆತ್ತಲಾರೆ.

ಅಂಬಿಕಾಗೆ ಹಸಿರು ಗಾಜಿನ ಬಳೆ ಕಳಿಸಿದ್ದೇನೆ. ಅಳತೆ ನೆನಪಿನ ಮೇಲೆ ತಂದದ್ದು. ತೊಟ್ಟಿಲು ಮಾತ್ರ ಬೇರೆ ಯಾರೂ ಕೊಡಿಸುವ ಹಾಗಿಲ್ಲ, ಅದು ನಮ್ಮ ಅಡ್ಡೆಯಿಂದಲೇ ಬರಬೇಕು.

ಬೈಯಬೇಡ.
ಶಮೀಮ್


ದಾವಣಗೆರೆ
14 ಅಕ್ಟೋಬರ್ 2024

ಶಮೀಮ್,

ಹೆಣ್ಣು ಮಗು. ತಾಯಿ ಮಗಳು ಇಬ್ಬರೂ ಚೆನ್ನಾಗಿದ್ದಾರೆ. ದಸರಾಕ್ಕೆ ಮುಂಚೆಯೇ ಹುಟ್ಟಿ ಮನೆಗೂ ಬಂದಾಯಿತು. ಮೂಗು ನಮ್ಮ ಕಡೆಯದು, ಹಟ ಮಾತ್ರ ಎರಡೂ ಕಡೆಯದು.

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು, ಆಮೇಲೆ ಅತ್ತೆ. ಆ ಹೆಂಗಸು ಎದ್ದು ಹೋದರೆ ಹೋದಳು, ನಾನೇನು ಎದ್ದು ಹೋಗುತ್ತೇನೆಯೇ? ಈಗ ಇಲ್ಲಿ ಬೀಗರೂ ಇಲ್ಲ, ಪಂಕ್ತಿಯೂ ಇಲ್ಲ. ಮಗು ಮಾತಾಡುವುದಿಲ್ಲ. ನೀನು ಹೂಂ ಅಂದರೂ ಅದಕ್ಕೆ ಅಷ್ಟೇ, ಊಹೂಂ ಅಂದರೂ ಅಷ್ಟೇ. ಬಂದು ಎತ್ತಿಕೋ.

ನೀರು ಹಾಕಲು ದುರುಗವ್ವ ಬರುತ್ತಾಳೆ. ಅಂಬಿಕಾಳಿಗೆ ನೀರು ಹಾಕಿದ ದುರುಗವ್ವನೇ ಅಂಬಿಕಾಳ ಮಗಳಿಗೂ ಹಾಕುತ್ತಿದ್ದಾಳೆ ನೋಡು. ನಾವೆಲ್ಲ ಗೀಸರ್ ನೀರಿನವರು, ಬಾಣಂತಿಗೆ ಮಾತ್ರ ಹಂಡೆ ನೀರೇ ಆಗಬೇಕೆಂದು ಅವಳ ಅಪ್ಪಣೆ. ಹಿತ್ತಲ ಸಬ್ಬಸಿಗೆ ಕೈಗೆ ಬಂದಿದೆ. ದಿನಾ ಅದರದೇ ಪಲ್ಯ, ಅದರದೇ ಸಾರು. ಅಂಬಿಕಾ ಮುಖ ಸಿಂಡರಿಸಿದರೂ ಹಾಲು ಚೆನ್ನಾಗಿದೆ. ನಿನ್ನ ಚಕ್ಕೆಯ ಪುಣ್ಯ.

ಅಜ್ಜಿಯಾದ,
ಕಸ್ತೂರಿ


ಹರಿಹರ
27 ಅಕ್ಟೋಬರ್ 2024

ಕಸ್ತೂರಿ,

ಇದನ್ನು ಕೂತು ಓದು. ಓದುವ ಮೊದಲು ಹಿತ್ತಲ ಸೊಪ್ಪು ಒಲೆಯ ಮೇಲಿದ್ದರೆ ಇಳಿಸು.

ಇವತ್ತು ಬೆಳಿಗ್ಗೆ ತೊಟ್ಟಿಲಿಗೆ ಹಲಗೆ ಆರಿಸಲು ಅಡ್ಡೆಗೆ ಹೋದೆ. ಅದೇ ತಿಳಿ ಹಸಿರು ಕಟ್ಟಿಗೆ ಇನ್ನೂ ಇತ್ತು. ಗಂಟಿಲ್ಲ, ಬಿರುಕಿಲ್ಲ, ಇದೇ ಆಗಲಿ ಎಂದು ಒಂದು ಹಲಗೆ ತಟ್ಟಿದೆ. ಭಾಯಿ ಓಡಿ ಬಂದು ನನ್ನ ಕೈ ಹಿಡಿದು ಎಳೆದ. ಮೆಷಿನ್ ನಿಲ್ಲಿಸಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಹಲಗೆಯ ಮೇಲೇ ಬರೆದ. ನಮ್ಮ ಮಾತು ಉರ್ದುವಾದರೂ ಅವನಿಗೆ ಬರೆಯಲು ಬರುವುದು ಕನ್ನಡ ಒಂದೇ. ‘ತೊಟ್ಲಿಗೆ ಬ್ಯಾಡ. ಮಗು ಬಾಯಿ ಹಾಕ್ತೈತೆ.’ ಯಾಕೆ, ಔಷಧಿ ಕಟ್ಟಿಗೆ ಅಂದಿದ್ದೆಯಲ್ಲ ಎಂದು ಕೇಳಿದೆ. ‘ಔಷಧಿ’ ಎಂದು ಬರೆದು, ಅದರ ಮೇಲೆ ಅಡ್ಡ ಗೀಟು ಎಳೆದು, ಕೆಳಗೆ ‘ವಿಷ’ ಎಂದು ಬರೆದ.

ದೂರದ ಯಾವುದೋ ಕಾರ್ಖಾನೆಯಲ್ಲಿ ಬಿಚ್ಚಿದ ಹಳೆಯ ಕಟ್ಟಡದ ಕಟ್ಟಿಗೆಯಂತೆ ಅದು. ನೀರಲ್ಲಿ ನಿಂತರೂ ಕೊಳೆಯದಿರಲಿ, ಗೆದ್ದಲು ಹಿಡಿಯದಿರಲಿ ಎಂದು ಮೊದಲೇ ಒಳಗಿನವರೆಗೆ ಮದ್ದು ಕುಡಿಸಿರುತ್ತಾರೆ. ಬೆಳೆಗೆ ಹೊಡೆಯುವ ವಿಷಕ್ಕೂ ರೈತರು ಔಷಧಿ ಎಂದೇ ಹೇಳುವುದಿಲ್ಲವೇ, ಹಾಗೆ. ಭಾಯಿ ‘ದವಾ’ ಎಂದ. ನಾನು ‘ಔಷಧಿ’ ಎಂದು ಬರೆದೆ. ನೀನು ‘ಬೇವು’ ಎಂದು ಓದಿದೆ. ನೀನು ಬೇವು ಎಂದು ಬರೆದಾಗಲೂ ನಾನು ಅಣ್ಣನನ್ನು ಕೇಳಲಿಲ್ಲ, ಇರಬಹುದು ಎಂದುಕೊಂಡೆ.

ಕೆಸರು ಎಂದಿದ್ದಕ್ಕೆ ನೀನು ಓಡಾಡುವ ದಾರಿಗೆ ಹಾಸಲು ಕೇಳುತ್ತಿದ್ದೀಯ ಎಂದು ಭಾಯಿ ತಿಳಿದನಂತೆ. ಸೊಪ್ಪಿನ ಮಡಿಗೆ ಎಂದು ಕೇಳಿ ಅವನು ತಲೆಯ ಮೇಲೆ ಕೈ ಹೊತ್ತು ಕೂತ. ಚಕ್ಕೆಯನ್ನೆಲ್ಲ ತೆಗೆಸಿಬಿಡು. ಆ ಸೊಪ್ಪು ಅಂಬಿಕಾಗೆ ಕೊಡಬೇಡ. ಭಾಯಿ ಫೋನ್ ಹಚ್ಚಿದ, ನೀನು ಎತ್ತಲಿಲ್ಲ, ಅದಕ್ಕೆ ನಿಂಗರಾಜುವನ್ನು ನಿಲ್ಲಿಸಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಶಮೀಮ್


ದಾವಣಗೆರೆ
29 ಅಕ್ಟೋಬರ್ 2024

ಶಮೀಮ್,

ನಿನ್ನ ಕಾಗದ ಓದಿದ ಕೂಡಲೇ ಒಲೆಯ ಮೇಲಿದ್ದ ಸಾರು ಚೆಲ್ಲಿದೆ. ನಿನ್ನ ಮೇಲೂ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ನನ್ನ ಮಗಳ ತಟ್ಟೆಗೆ ದಿನಾ ನಾನೇ ಬಡಿಸಿದ್ದೇನೆ, ಬೇಡ ಅಂದರೂ ಗದರಿಸಿ ಬಡಿಸಿದ್ದೇನೆ. ಒಲೆಯ ಮೇಲಿದ್ದ ಸಾರು ಚೆಲ್ಲಿದೆ. ಅಂಬಿಕಾಗೆ ಇನ್ನೂ ಹೇಳಿಲ್ಲ. ಹಸಿ ಬಾಣಂತಿ, ಗಾಬರಿಯಾದರೆ ಹಾಲು ಬತ್ತುತ್ತದೆ. ಹಬ್ಬ ಕಳೆಯಲಿ, ಆಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ.

ಇವತ್ತು ನಿಂತು ಹಿತ್ತಲನ್ನೆಲ್ಲ ಕೆರೆಸಿದೆ. ಒಂದು ಚಕ್ಕೆ ಬಿಡದೆ ಬಾಚಿ ಎತ್ತಿದ್ದೇವೆ. ಸೊಪ್ಪಿನ ಗಿಡಗಳನ್ನೂ ಕಿತ್ತು ಹಾಕಿದೆ. ಈಗ ಎದೆ ಸ್ವಲ್ಪ ಹಗುರವಾಗಿದೆ. ನಿನ್ನ ಮೇಲಿನ ಸಿಟ್ಟೂ ಇಳಿದಿದೆ, ನೀನು ಅದನ್ನೇ ಕೊರಗುತ್ತ ಕೂರಬೇಡ.

ಚಕ್ಕೆ ಬೀದಿಗೆ ಎಸೆದರೆ ದನ ಬಾಯಿ ಹಾಕುತ್ತವೆ. ಅದಕ್ಕೆ ಬಚ್ಚಲ ಒಲೆಯ ಪಕ್ಕ ರಾಶಿ ಹಾಕಿಸಿದ್ದೇನೆ. ಮೇಲಿನದು ಚೆನ್ನಾಗಿ ಒಣಗಿದೆ. ನಾಡಿದ್ದು ನರಕ ಚತುರ್ದಶಿ, ಬಾಣಂತಿಗೂ ಮಗುವಿಗೂ ಎಣ್ಣೆ ನೀರು. ದುರುಗವ್ವ ತನ್ನ ಮನೆಯ ಹಬ್ಬದ ಸ್ನಾನ ಮುಗಿಸಿ ಬರುತ್ತಾಳೆ. ನಿನ್ನ ಚಕ್ಕೆಯಿಂದಲೇ ಹಂಡೆ ಕಾಯಿಸುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ಎಂಥ ವಿಷವಾದರೂ ಬೆಂಕಿಗೆ ಬಿದ್ದರೆ ಮುಗಿಯಿತಲ್ಲ. ಕೆಂಡ ತೆಗೆದು ಮಗುವಿಗೆ ಲೋಬಾನವನ್ನೂ ಹಾಕುತ್ತಾಳೆ.

ನಿನ್ನ
ಕಸ್ತೂರಿ


ದಾವಣಗೆರೆ ಬಸ್ಸಿನಲ್ಲಿ
31 ಅಕ್ಟೋಬರ್ 2024, ಬೆಳಿಗ್ಗೆ

ಕಸ್ತೂರಿ,

ಬಾಗಿಲಲ್ಲಿ ನಾನು ಏದುಸಿರು ಬಿಡುತ್ತಿರುತ್ತೇನೆ. ನೀನು ಏನು ಕೇಳಿದರೂ ನನಗೆ ತಿಳಿಯುವುದಿಲ್ಲ. ಅದಕ್ಕೆ ಬರೆದೇ ತರುತ್ತಿದ್ದೇನೆ. ಬಸ್ಸು ಕುಲುಕುತ್ತಿದೆ, ಅಕ್ಷರ ನೋಡಿ ನಗಬೇಡ.

ಒಲೆ ಹಚ್ಚಬೇಡ. ಹಚ್ಚಿದ್ದರೆ ಆರಿಸು. ಬೆಂಕಿಗೆ ಹಾಕಿದರೆ ಅದು ಸಾಯುವುದಿಲ್ಲ, ಹೊಗೆಯಲ್ಲಿ ಮೇಲೇಳುತ್ತದೆ, ಬೂದಿಯಲ್ಲಿ ಉಳಿಯುತ್ತದೆ. ನಮ್ಮ ಅಡ್ಡೆಯಲ್ಲಿ ಇದರ ಒಂದು ಸಿಪ್ಪೆಯನ್ನೂ ಚಹಾದ ಒಲೆಗೆ ಹಾಕಲು ಭಾಯಿ ಬಿಡುವುದಿಲ್ಲ. ನಿನ್ನ ಕಾಗದ ನಿಂಗರಾಜು ನಿನ್ನೆ ಕೊಡಬೇಕಿತ್ತು, ಹಬ್ಬದ ಚೆಂಡು ಹೂವಿನ ಗಡಿಬಿಡಿಯಲ್ಲಿ ಮರೆತು ಇವತ್ತು ಬೆಳಿಗ್ಗೆ ಕೊಟ್ಟ. ಭಾಯಿಗೆ ತೋರಿಸಿದೆ. ನಿನ್ನ ಫೋನಿಗೆ ಹಚ್ಚಿದ, ಮತ್ತೆ ಮತ್ತೆ ಹಚ್ಚಿದ. ಎತ್ತುವವರಿಲ್ಲ. ಮಗು ಮಲಗಿದೆ ಎಂದು ಸದ್ದು ಮುಚ್ಚಿಟ್ಟಿರುತ್ತೀಯ, ನನಗೆ ಗೊತ್ತಿಲ್ಲವೇ ನಿನ್ನ ಬುದ್ಧಿ. ಅವನಿಗೆ ಗಾಡಿ ಹೊರಡಿಸುವ ತಾಳ್ಮೆ ಇತ್ತು, ನನಗಿರಲಿಲ್ಲ. ಎದುರಿಗೆ ಬಸ್ಸು ನಿಂತಿತ್ತು, ಹತ್ತಿಬಿಟ್ಟೆ.

ಕಂಡಕ್ಟರ್ ಏನೋ ಕೇಳುತ್ತಿದ್ದಾನೆ. ಪಕ್ಕದವರು ನಗುತ್ತಿದ್ದಾರೆ. ನಗಲಿ.

ಶಮೀಮ್


ದಾವಣಗೆರೆ
24 ನವೆಂಬರ್ 2024

ನನ್ನ ಶಮೀಮ್,

ನೀನು ಬಸ್ಸಿನಲ್ಲಿ ಬರೆದ ಕಾಗದ ನನಗೆ ಸಿಕ್ಕಿದ್ದು ಮೊನ್ನೆ. ಎತ್ತಿಟ್ಟಿದ್ದ ಮಗುವಿನ ದುಪಟಿ ಒಗೆಯಲು ಕೊಡವಿದಾಗ ಬಿತ್ತು, ಅವತ್ತು ಮಗುವನ್ನು ಎತ್ತಿಕೊಂಡಾಗ ನಿನ್ನ ಕೈಯಿಂದ ಜಾರಿರಬೇಕು. ನನ್ನ ಕೈಗೆ ಕೊಡಲು ಬರೆದು, ಕೊಡಲೇ ಇಲ್ಲವಲ್ಲ ನೀನು. ಕೊಡುವ ಹೊತ್ತಾದರೂ ಎಲ್ಲಿತ್ತು.

ನೀನು ಹೋದ ಮೇಲೆ ಅವತ್ತಿನದನ್ನು ಎಷ್ಟು ಸಲ ನೆನೆಸಿಕೊಂಡೆನೋ. ನಾನು ಬಾಗಿಲು ತೆಗೆದು, ಒಂದು ವರ್ಷದ ಮೇಲೆ ಬಂದೆಯಾ ಎಂದು ಬಾಯಿ ತೆರೆಯುವಷ್ಟರಲ್ಲಿ ನೀನು ನನ್ನನ್ನು ಪಕ್ಕಕ್ಕೆ ತಳ್ಳಿ, ಚಪ್ಪಲಿ ಹಾಕಿಕೊಂಡೇ ಬಚ್ಚಲಿಗೆ ನಡೆದೆ. ರಂಗೋಲಿ ಬರೆದು ಹಾಗಲಬಳ್ಳಿ ಸುತ್ತಿದ ಹಂಡೆ, ಕೆಳಗೆ ಆಗಷ್ಟೇ ಹೊತ್ತಿಕೊಂಡ ನಾಲ್ಕು ಚಕ್ಕೆ. ಒಂದು ಬಕೆಟ್ ನೀರು ಎತ್ತಿ ಒಲೆಗೆ ಸುರಿದುಬಿಟ್ಟೆ. ದುರುಗವ್ವ ಸುಮ್ಮನಿರುವವಳೇ? “ಯಾಕವ್ವ, ಹಬ್ಬದ ದಿನ ಬೆಂಕಿ ಕೆಡಿಸ್ತೀಯ? ಬಾಣಂತಿ ಮನಿ ಐತಿ ಇದು, ಬುದ್ಧಿ ಇಲ್ಲೇನು ನಿಂಗೆ?” ಎಂದು ಬಾಯಿಗೆ ಬಂದ ಹಾಗೆ ಬೈದಳು. ನಿನಗೆ ಒಂದು ಅಕ್ಷರವೂ ಕೇಳಲಿಲ್ಲ. ನೀನು ಅವಳ ಕಡೆ ನೋಡಿ “ಹೂಂ ದುರುಗವ್ವ, ಹೂಂ” ಎಂದೆ, ಆಮೇಲೆ ಹೊಗೆಯಲ್ಲೂ ವಿಷ, ಬೂದಿಯಲ್ಲೂ ವಿಷ ಎಂದು ನನಗೆ ಕೂಗಿ ಹೇಳಿದೆ. ಅಂಬಿಕಾ ಒಳಗಿಂದ ಬಂದು ನಿನ್ನನ್ನು ನೋಡಿ ಅಳುತ್ತ ನಗುತ್ತ ನಿಂತಿದ್ದಳು, ಆಗಲೇ ಅವಳಿಗೆ ಎಲ್ಲ ಹೇಳಿದೆ. ನಾನು ಅಂದುಕೊಂಡಷ್ಟು ಹೆದರಲಿಲ್ಲ ನನ್ನ ಮಗಳು.

ಮುಂದಿನದನ್ನು ಕೇಳು. ಮರುದಿನವೇ ಡಾಕ್ಟರಮ್ಮ ತಾಯಿ ಮಗು ಇಬ್ಬರನ್ನೂ ನೋಡಿ, ಪರೀಕ್ಷೆ ಮಾಡಿಸಿದರು. ಏನೂ ತೊಂದರೆ ಕಂಡಿಲ್ಲ. ಸ್ವಾತಿಯ ಕೈ ಹಿಡಿದು ತಪ್ಪಾಯಿತು ಮಗಳೇ ಎಂದೆ. ಅವಳು ಹಿತ್ತಲ ಮಣ್ಣು ಒಯ್ದು ನೋಡಿದಳು. ಆರ್ಸೆನಿಕ್ ಅನ್ನುವ ಪಾಷಾಣದ ಅಂಶ ಇರಬೇಕಾದ್ದಕ್ಕಿಂತ ಜಾಸ್ತಿ ಇದೆಯಂತೆ, ತಾಮ್ರವೂ ಇದೆಯಂತೆ. ಇಡೀ ತೊಲೆಗಿಂತ ಚಕ್ಕೆ ಮಾಡಿ ಹಾಕಿದಾಗ ಮಳೆ ನೀರಿಗೆ ಬೇಗ ಬಿಡುತ್ತದಂತೆ. ಗಿಡ ಬೇರಿನಿಂದ ಎಳೆದುಕೊಳ್ಳುವುದು ಕಡಿಮೆ, ಎಲೆಗೆ ಸಿಡಿದು ಹತ್ತುವ ಮಣ್ಣು, ಕೈಕಾಲಿಗೆ ಅಂಟುವ ಧೂಳು, ಅದೇ ಹೆಚ್ಚು ಅಪಾಯ. “ನೀವು ಸೊಪ್ಪು ಮೂರು ನೀರಾಗೆ ತೊಳೀತೀರಲ್ಲ ಆಂಟಿ, ಅದು ಭಾಳ ಒಳ್ಳೇದಾತು” ಎಂದಳು. ನನ್ನ ತೊಳೆಯುವ ಚಟಕ್ಕೆ ನಗುತ್ತಿದ್ದ ನಮ್ಮ ಯಜಮಾನರು ಈಗ ತಾವೇ ಸೊಪ್ಪು ತೊಳೆಯಲು ನಿಲ್ಲುತ್ತಾರೆ.

ಮೇಲಿನ ಒಂದು ಗೇಣು ಮಣ್ಣು ತೆಗೆಸಿದ್ದೇವೆ. ಚಕ್ಕೆ, ಮಣ್ಣು ಎಲ್ಲ ಚೀಲ ಕಟ್ಟಿ, ಗೊಬ್ಬರದ ಗುಂಡಿಗೂ ಹೋಗದಂತೆ, ಅಪಾಯದ ಕಸ ಒಯ್ಯುವವರಿಗೆ ಸ್ವಾತಿಯೇ ನಿಂತು ಒಪ್ಪಿಸಿದಳು. ಮತ್ತೆ ಪರೀಕ್ಷೆಯಾಗುವ ತನಕ ಅಲ್ಲಿ ಸೊಪ್ಪು, ಗೆಡ್ಡೆ ಬೆಳೆಯುವ ಹಾಗಿಲ್ಲ. ಸದ್ಯ ಕನಕಾಂಬರ ನೆಟ್ಟಿದ್ದೇನೆ. ಸಬ್ಬಸಿಗೆ ಮಹಡಿಯ ಕುಂಡದಲ್ಲಿ, ಹೊಸ ಮಣ್ಣಿನಲ್ಲಿ, ಬುಡಕ್ಕೆ ಒಣ ಹುಲ್ಲು.

ಕಷ್ಟವಾದದ್ದು ಬೀದಿಯ ಮನೆಗಳಿಗೆ ಹೋಗಿ ಹೇಳುವುದು. ಸೊಪ್ಪು ಕೊಡುವಾಗ ತಲೆಯೆತ್ತಿಕೊಂಡು ಹೋಗಿದ್ದೆನಲ್ಲ, ಅದೇ ಬಾಗಿಲುಗಳು. ಒಬ್ಬರು ನಕ್ಕರು, ಒಬ್ಬರು ಮುಖ ತಿರುಗಿಸಿದರು. ಆಗ ನಿನ್ನ ಮದುವೆಯ ಪಂಕ್ತಿ ನೆನಪಾಯಿತು. ಇಷ್ಟೇ ತಾನೇ, ಸಾಯುವುದಿಲ್ಲ ಎಂದುಕೊಂಡು ಮುಂದಿನ ಮನೆಗೆ ಹೋದೆ.

ಮಗುವಿಗೆ ಹೆಸರಿಡುವುದು ಡಿಸೆಂಬರಿನಲ್ಲಿ. ನಾಲ್ಕು ಜನ ಸೇರುತ್ತಾರೆ, ಮೊದಲೇ ಹೇಳಿದ್ದೇನೆ. ನಾನು ನಿನ್ನ ಪಕ್ಕ ಪೆನ್ಸಿಲ್ ಹಿಡಿದು ಕೂರುತ್ತೇನೆ.

ನಿನ್ನ
ಕಸ್ತೂರಿ


ಹರಿಹರ
4 ಡಿಸೆಂಬರ್ 2024

ಕಸ್ತೂರಿ,

ಬರುತ್ತೇನೆ. ಭಾನುವಾರ, ತೊಟ್ಟಿಲಿನ ಜೊತೆ, ನಿಂಗರಾಜುವಿನ ಟೆಂಪೋದಲ್ಲಿ ಮುಂದಿನ ಸೀಟಿನಲ್ಲಿ ಕೂತು. ಹಸಿರು ಸೀರೆ ಇಸ್ತ್ರಿ ಮಾಡಿಸಿಡು. ಪೆನ್ಸಿಲ್ ನೀನು ತರಬೇಡ, ಭಾಯಿ ತನ್ನದೇ ಕೊಟ್ಟಿದ್ದಾನೆ.

ಉಳಿದ ಆ ಕಟ್ಟಿಗೆಯ ಮೇಲೆಲ್ಲ ಭಾಯಿ ಈಗ ಕೆಂಪು ಬಣ್ಣದಲ್ಲಿ ‘ವಿಷ’ ಎಂದು ಬರೆಸಿದ್ದಾನೆ. ಗಿರಾಕಿಗಳು ಹೆದರುತ್ತಾರೆ ಎಂದು ಅಡ್ಡೆಯವರು ಹೇಳಿದರೆ, ಹೆದರಲಿ ಎನ್ನುತ್ತಾನೆ. ತೊಟ್ಟಿಲನ್ನು ಮಾತ್ರ ಯಾರ ಕೈಗೂ ಕೊಡದೆ ತಾನೇ ಕೂತು ಮಾಡಿದ. ಬಣ್ಣವಿಲ್ಲ, ಪಾಲಿಶ್ ಇಲ್ಲ. ಮೂಸಿ ನೋಡು, ಕಹಿ ವಾಸನೆ ಬರುತ್ತದೆ.

ತಳದ ಹಲಗೆಯ ಕೆಳಗೆ ಅವನು ಪೆನ್ಸಿಲಿನಲ್ಲಿ ಬರೆದಿದ್ದಾನೆ. ನೀನು ತಪ್ಪು ಓದಬಾರದೆಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದಾನೆ:

‘ಬೇವು. ಮಗು ಬಾಯಿ ಹಾಕ್ಲಿ.’

ಶಮೀಮ್